ಹಾಳುಬಾವಿ ತಿರುವಿನ ಎಣಿಕೆ

ಜೂನ್ ೯

ತಮ್ಮಾ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ನರ್ಸಮ್ಮ. ಹೋದ ಮಂಗಳವಾರ ಸಂಜೆ, ನನ್ನ ಹೊಲಿಗೆ ಅಂಗಡಿಯ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು ಪಾದ ತಿಕ್ಕಿಕೊಳ್ಳುತ್ತ ಹೇಳಿದಳು. ಕೇಳಿದವರು ನಾನು ಮತ್ತು ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ ಮೇಷ್ಟ್ರು. ಅವಳು ಹೇಳಿದ ಹಾಗೇ ಬರೆಯುತ್ತೇನೆ. ನಡುವೆ ನಾನು ಉಪ್ಪುಖಾರ ಹಾಕಿದರೆ ನಿನಗೆ ಗೊತ್ತಾಗಿಯೇ ಆಗುತ್ತದೆ.

ಅವತ್ತು ಬೆಳಿಗ್ಗೆ ಆರಕ್ಕೆ ಒಬ್ಬ ಮನುಷ್ಯ ಹಾಳುಬಾವಿ ತಿರುವಿನಲ್ಲಿ ಮಡಚುವ ಸ್ಟೂಲ್ ಹಾಕಿ, ಕೊಡೆ ಬಿಚ್ಚಿ, ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಪುಟ್ಟ ಯಂತ್ರ ಹಿಡಿದು ಕೂತನಂತೆ. ನರ್ಸಮ್ಮ ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋದಳು, ಟಿಕ್. ಬಾಣಂತಿಯನ್ನು ನೋಡಲು ವಾಪಸ್ ಬಂದಳು, ಟಿಕ್. ಸಂಜೆ ಆರಕ್ಕೆ ಆತ ಸ್ಟೂಲ್ ಮಡಚುವ ಹೊತ್ತಿಗೆ ಇವಳು ಮತ್ತೆ ಹಾದಳು, ಟಿಕ್.

"ಏನಣ್ಣಾ, ಎಷ್ಟು ಮೀನು ಬಿತ್ತು?" ಅಂದಳಂತೆ.

"ಹನ್ನೊಂದು."

"ಅಯ್ಯೋ, ಅದ್ರಲ್ಲಿ ಮೂರು ನಾನೇ ಅಲ್ವಾ!"

"ನಾನು ತಲೆ ಎಣಿಸಲ್ಲ ಅಮ್ಮಾ. ದಾಟೋದನ್ನ ಎಣಿಸ್ತೀನಿ."

ಕಾಲುದಾರಿ ಮಾಡಿಸಲು ಸರ್ಕಾರ ಹಣ ಕೊಡುತ್ತದಂತೆ, ಅದಕ್ಕೆ ಎಣಿಕೆಯಂತೆ. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಆದರೆ ಇದು ನಗುವ ಮಾತಲ್ಲ. ಮೇಲಿನ ಬೀದಿಯಿಂದ ದಿನಾ ಶಾಲೆಗೆ, ಆಸ್ಪತ್ರೆಗೆ, ಅಂಗಡಿಗೆ ಹೋಗುವವರು ನಾನೂರು ಜನ. ಲಾರಿಗಳ ಭಯಕ್ಕೆ ಒಬ್ಬರೂ ಆ ತಿರುವಿನಲ್ಲಿ ಕಾಲಿಡುವುದಿಲ್ಲ. ಯಾರೂ ಇಲ್ಲದ ಜಾಗದಲ್ಲಿ ಕೂತು ಯಾರೂ ಇಲ್ಲ ಎಂದು ಬರೆದುಕೊಂಡು ಹೋದನಲ್ಲ! ನೀನು ಕೂತಿರುವುದು ಆ ಹಣ ಕೊಡುವ ಕಚೇರಿಯಲ್ಲೇ. ಸ್ವಲ್ಪ ವಿಚಾರಿಸು.

ನಿನ್ನ ಅಕ್ಕ

*

ಜೂನ್ ೨೧

ಅಕ್ಕಾ,

ನಿನ್ನ ಪತ್ರವನ್ನು ಕಚೇರಿಯಲ್ಲೇ ಓದಿ ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಇಲ್ಲಿ, ನಾಲ್ಕನೇ ಮಹಡಿಯಲ್ಲಿ, ನಗುವುದು ಅಪರೂಪ. ಇಷ್ಟು ವರ್ಷ ನಮ್ಮ ವಿಭಾಗಕ್ಕೆ ಇದ್ದದ್ದು ಮೂರು ಮೇಜು, ಒಂದು ಫ್ಯಾನು. ಇಡೀ ನಾಡಿನಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಎಂದು ಇಡುತ್ತಿದ್ದ ಹಣ ಒಂದು ಮೇಲ್ಸೇತುವೆಯ ಎರಡು ಕಂಬಕ್ಕೂ ಸಾಲುತ್ತಿರಲಿಲ್ಲ. ಈ ವರ್ಷ ಅದನ್ನು ಮೂರು ಪಟ್ಟು ಮಾಡಿದ್ದಾರೆ. ಹಾಗಾಗಿ ಊರೂರಿನಿಂದ ಅರ್ಜಿ. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ದಿನಕ್ಕೆ ಮುನ್ನೂರು ಸಲ ದಾಟುವ ರಸ್ತೆಗೆ ಮಾತ್ರ ಎಂದು ನಿಯಮ ಮಾಡಿದರು.

ಎಣಿಕೆಗೆ ಎಲ್ಲಿ ಕೂರಬೇಕು ಎಂದು ಇಲ್ಲಿಂದಲೇ ನಕ್ಷೆಯ ಮೇಲೆ ಗುರುತು ಹಾಕಿ ಕಳಿಸುತ್ತೇವೆ. ಯಾರೋ ಒಬ್ಬ ಗುಮಾಸ್ತ ತಪ್ಪು ಜಾಗಕ್ಕೆ ಹಾಕಿರಬೇಕು. ಆದರೆ ಒಂದು ಕೇಳುತ್ತೇನೆ. ನಾವು ಚಿಕ್ಕವರಿದ್ದಾಗ ಎಲ್ಲರೂ ತಿರುವಿನಲ್ಲೇ ನಡೆಯುತ್ತಿದ್ದೆವಲ್ಲ? ಈಗ ಜನ ಎಲ್ಲಿಂದ ಹೋಗುತ್ತಾರೆ?

ನರ್ಸಮ್ಮನಿಗೆ, ನಮ್ಮ ಟ್ರಿಣ್ ಟ್ರಿಣ್‌ಗೆ, ಹೇಳು. ಅವಳ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋಗಿ ಮೂವತ್ತು ವರ್ಷವಾದರೂ ನನ್ನ ಬೆನ್ನು ಇನ್ನೂ ನೆಟ್ಟಗಾಗಿಲ್ಲ.

ನಿನ್ನ ತಮ್ಮ

*

ಜೂನ್ ೩೦

ತಮ್ಮಾ,

ಎಲ್ಲಿಂದ ಹೋಗುತ್ತಾರೆ ಎಂದು ಕೇಳಿದೆಯಲ್ಲ, ನೀನು ಊರು ಬಿಟ್ಟು ಎಷ್ಟು ಕಾಲವಾಯಿತು ಎಂದು ಆಗ ಗೊತ್ತಾಯಿತು. ಮರದ ಮಿಲ್ಲಿನ ಬೇಲಿಯಲ್ಲಿ ಎರಡು ಹಲಗೆ ಕಿತ್ತ ಕಿಂಡಿ ಇದೆ. ಹದಿನೈದು ವರ್ಷದಿಂದ ನಾವೆಲ್ಲ ಆ ಕಿಂಡಿಯಲ್ಲಿ ತೂರಿ, ದಿಮ್ಮಿಗಳ ರಾಶಿಯ ನಡುವೆ ಹಾದು, ಗರಗಸದ ಮನೆಯ ಪಕ್ಕದಿಂದ ಆಚೆ ಬೀಳುತ್ತೇವೆ. ಸೈಕಲ್ ಮಾತ್ರ ತೂರುವುದಿಲ್ಲ. ಅದಕ್ಕೇ ನರ್ಸಮ್ಮ ಒಬ್ಬಳು ತಿರುವಿನ ರಾಣಿ. ರಸ್ತೆಯ ಅಂಚಿನಲ್ಲಿ ಒಂದು ಮೊಳ ಮಣ್ಣಿದೆ. ಅದರ ಮೇಲೇ, ದಾರದ ಮೇಲೆ ನಡೆಯುವವಳ ಹಾಗೆ, ಗಂಟೆ ಬಾರಿಸುತ್ತ ಹೋಗುತ್ತಾಳೆ.

ಈಗ ಕಿಂಡಿಗೂ ಕುತ್ತು ಬಂದಿದೆ. ಹೋದ ತಿಂಗಳು ದಿಮ್ಮಿಯೊಂದು ಉರುಳಿ ಮೇಷ್ಟ್ರ ಪಾದ ಜಜ್ಜಿತು. ಸೆಪ್ಟೆಂಬರ್ ಒಂದಕ್ಕೆ ಇಟ್ಟಿಗೆ ಗೋಡೆ ಕಟ್ಟುತ್ತೇನೆ ಎಂದು ಮಿಲ್ಲಿನ ಯಜಮಾನ ಬೋರ್ಡು ತೂಗುಹಾಕಿದ್ದಾನೆ. ಹೋಗಿ ಬೈದೆ. "ನೀವು ಬೈರಿ ಅಕ್ಕಾ. ನಾಳೆ ಮಗು ಮೇಲೆ ಮರ ಬಿದ್ರೆ ಜೈಲಿಗೆ ಹೋಗೋನು ನಾನು" ಅಂದ. ಅವನ ಮಾತೂ ಸುಳ್ಳಲ್ಲ. ಆದರೆ ಗೋಡೆ ಎದ್ದರೆ ನಮ್ಮ ಮಕ್ಕಳು ಲಾರಿಗಳ ಬಾಯಿಗೇ ಹೋಗಬೇಕು. ಆದ್ದರಿಂದ ಕಾಲುದಾರಿ ಬೇಕು. ಬೇಕೇ ಬೇಕು.

ಇದಕ್ಕೆ ಏನು ಕಷ್ಟ? ಆ ಸ್ಟೂಲನ್ನು ಕಿಂಡಿಯ ಮುಂದೆ ಹಾಕಿಸು. ಎಣಿಸಲಿ, ಬೆರಳಿಗೆ ಬೊಬ್ಬೆ ಬರುವವರೆಗೆ. ತಪ್ಪು ಗುರುತು ಹಾಕಿದ ಆ ಗುಮಾಸ್ತ ಸಿಕ್ಕರೆ ನನ್ನ ಅಂಗಡಿಗೆ ಕಳಿಸು, ಬೆರಳು ಬೆರಳು ಸೇರಿಸಿ ಹೊಲಿಗೆ ಹಾಕುತ್ತೇನೆ. "ಹಾಗ್ ಮಾಡ್ಬೇಡ ಕಣೇ, ಕಟ್ಟು ಕಟ್ಟೋಕೆ ನನ್ನತ್ರಾನೇ ಕರ್ಕೊಂಡ್ ಬರ್ತಾರೆ" ಎಂದು ನರ್ಸಮ್ಮನ ತಕರಾರು. ನಿನ್ನ ಬೆನ್ನಿಗೆ ಎಣ್ಣೆ ತಿಕ್ಕಿಕೋ ಎಂದಳು. ತಾನು ಬಂದು ತಿಕ್ಕುವುದಿಲ್ಲವಂತೆ.

ಅಕ್ಕ

*

ಜುಲೈ ೧೬

ಅಕ್ಕಾ,

ಉತ್ತರ ತಡವಾಯಿತು. ಇಲ್ಲಿ ಸ್ವಲ್ಪ ಗಡಿಬಿಡಿ. ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ, ಆ ಕುರ್ಚಿಗೆ ನನ್ನ ಹೆಸರೂ ಓಡಾಡುತ್ತಿದೆ. ಯಾರಿಗೂ ಹೇಳಬೇಡ.

ಮರು ಎಣಿಕೆಗೆ ಒಪ್ಪಿಸಿದ್ದೇನೆ. ಆಗಸ್ಟ್ ಹದಿನಾಲ್ಕು, ಬೆಳಿಗ್ಗೆ ಆರರಿಂದ ಸಂಜೆ ಆರು. ಆದರೆ ಜಾಗ ಬದಲಾಯಿಸಲು ಆಗುವುದಿಲ್ಲ. ಒಮ್ಮೆ ಗುರುತು ಹಾಕಿದ ಮೇಲೆ ಮುಗಿಯಿತು. ನಿಯಮ ಹಾಗಿದೆ. ಅದರ ಮೇಲೆ ನನ್ನನ್ನು ಏನೂ ಕೇಳಬೇಡ.

ಆದರೆ ಉಪಾಯ ಇದೆ. ಒಂದೇ ಒಂದು ದಿನ ಎಲ್ಲರೂ ತಿರುವಿನಿಂದ ನಡೆಯಲಿ. ಸಾಲಾಗಿ, ಅಂಚಿನಲ್ಲಿ. ನಡೆಯುವವರು ಇದ್ದಾರೆ ಎಂದು ತೋರಿಸಿದರೆ ಸಾಕು, ಮುಂದಿನದು ನನಗೆ ಬಿಡು. ಟ್ರಿಣ್ ಟ್ರಿಣ್‌ಗೆ ಹೇಳಿದರೆ ಅವಳೇ ಊರನ್ನೆಲ್ಲ ಎಬ್ಬಿಸುತ್ತಾಳೆ.

ತಮ್ಮ

*

ಆಗಸ್ಟ್ ೨

ತಮ್ಮಾ,

ಎಬ್ಬಿಸಿದಳು! ಮನೆ ಮನೆಗೆ ಹೋಗಿ, ಬಿಪಿ ನೋಡುತ್ತ, ತೋಳಿಗೆ ಪಟ್ಟಿ ಬಿಗಿದ ಮೇಲೆ ಕೇಳುತ್ತಾಳೆ: "ಹದಿನಾಲ್ಕಕ್ಕೆ ನಡೀತೀರೋ, ಇನ್ನೂ ಬಿಗಿ ಮಾಡಲೋ?" ಇಲ್ಲ ಎಂದವರಿಲ್ಲ. ಮೇಷ್ಟ್ರು ಕುಂಟುತ್ತಲೇ ನಾಲ್ಕು ಸಲ ದಾಟುತ್ತಾರಂತೆ. "ಕುಂಟೋದಕ್ಕೆ ಎರಡು ಟಿಕ್ ಕೊಡ್ತಾರಾ ಕೇಳಿ" ಎನ್ನುತ್ತಾರೆ.

ಭಯ ಒಂದೇ, ಲಾರಿ. ಅಂಚಿನಲ್ಲಿ ಇರುವುದು ಒಂದು ಮೊಳ ಮಣ್ಣು. ಅಲ್ಲಿ ಮಕ್ಕಳನ್ನು ಒಂದರ ಹಿಂದೆ ಒಂದು ನಡೆಸುವುದು ಎಂದು ತೀರ್ಮಾನವಾಯಿತು. "ನಾನು ಸಾಲಿನ ಆಚೆ ಬದಿಗೆ ಗಂಟೆ ಹೊಡ್ಕೊಂಡು ಹೋಗ್ತೀನಿ. ನನ್ನ ಕಂಡ್ರೆ ಲಾರಿಯವ್ರು ದೂರ ಸರೀತಾರೆ" ಎಂದಳು ನರ್ಸಮ್ಮ. ನನಗೆ ಸರಿ ಎನ್ನಿಸಿತು.

ಕಚೇರಿಯ ಟಿಕ್ಕಿನ ಮೇಲೆ ನನಗೆ ನಂಬಿಕೆಯಿಲ್ಲ. ಅಲ್ಲೇ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಕೂರುತ್ತೇನೆ. ನಡೆದು ದಾಟಿದವರಿಗೆ ಒಂದು ಬಿಳಿ ಗುಂಡಿ, ಸೈಕಲ್ಲಿಗೆ ಒಂದು ಕರಿ ಗುಂಡಿ.

ಅಕ್ಕ

*

ಆಗಸ್ಟ್ ೧೫

ತಮ್ಮಾ,

ಎಣಿಕೆ ಮುಗಿಯಿತು. ನಾನೂರ ಹನ್ನೆರಡು ಎಂದು ಆತ ಬರೆದುಕೊಂಡ. ನನ್ನ ಡಬ್ಬಿಯಲ್ಲೂ ಅಷ್ಟೇ. ಮಳೆ ಇರಲಿಲ್ಲ. ಮುಂದಿನದು ನನಗೆ ಬಿಡು ಎಂದಿದ್ದೆಯಲ್ಲ. ಮಾಡು.

ಅಕ್ಕ

*

ಆಗಸ್ಟ್ ೨೭

ಅಕ್ಕಾ,

ನಾನೂರ ಹನ್ನೆರಡು! ಜಿಲ್ಲಾ ಕಚೇರಿಯಿಂದ ಫೋನಿನಲ್ಲಿ ಅಂಕಿ ಕೇಳಿಕೊಂಡ ಕೂಡಲೇ ಇಡೀ ವಿಭಾಗಕ್ಕೆ ಸಿಹಿ ತರಿಸಿದೆ. ಕಾಗದಗಳು ಬರುವುದಕ್ಕೆ ಮೊದಲೇ ಅಂಕಿ ನೋಡಿ ಮೇಲಿನವರು ತಲೆಯಾಡಿಸಿದ್ದಾರೆ. ಒಂದೂವರೆ ಮೀಟರ್ ಕಾಲುದಾರಿ, ಪಕ್ಕದಲ್ಲಿ ಸೈಕಲ್ ದಾರಿ, ನಡುವೆ ಮೊಳಕಾಲೆತ್ತರದ ಕಟ್ಟೆ. ನಿಮ್ಮ ಪುರಸಭೆ ತನ್ನ ಕಾಲು ಪಾಲು ಹಾಕಿದರೆ ಮಾರ್ಚಿಗೆ ಕೆಲಸ ಶುರು.

ನಿನ್ನ ಪತ್ರ ಮಾತ್ರ ತಂತಿ ಕಳಿಸಿದ ಹಾಗಿತ್ತು. ಜಾಗ ಬದಲಾಯಿಸಲಿಲ್ಲ ಎಂದು ಇನ್ನೂ ಕೋಪವೇ? ಅಥವಾ ಮದುವೆ ಹೊಲಿಗೆಗಳ ರಾಶಿಯೇ? ಹೋಗಲಿ, ಟ್ರಿಣ್ ಟ್ರಿಣ್‌ಳನ್ನು ಕೂರಿಸಿ ಬರೆಸು. ಈ ಸಲ ನಾನೂರ ಹನ್ನೆರಡರಲ್ಲಿ ಅವಳು ಎಷ್ಟು? ಇಪ್ಪತ್ತು ಸಲವಾದರೂ ಸುತ್ತಿರುತ್ತಾಳೆ, ಕಳ್ಳಿ. ಹೊಸ ದಾರಿಯಲ್ಲಿ ಮೊದಲು ಸೈಕಲ್ ಬಿಡುವವಳು ಅವಳು, ಹಿಂದೆ ಕೂರುವವನು ನಾನು. ರಜೆ ಹಾಕಿ ಬರುತ್ತೇನೆ.

ತಮ್ಮ

*

ಸೆಪ್ಟೆಂಬರ್ ೮

ಅಕ್ಕಾ,

ಇವತ್ತು ಎಣಿಕೆಯ ಹಾಳೆ ನನ್ನ ಮೇಜಿಗೆ ಬಂತು. ಗಂಟೆಗಂಟೆಗೆ ಒಂದು ಸಾಲು. ಎಂಟು ಗಂಟೆಯ ಸಾಲಿನ ಕೊನೆಯಲ್ಲಿ, ಷರಾ ಬರೆಯುವ ಜಾಗದಲ್ಲಿ, ಆತ ಪೆನ್ಸಿಲಿನಲ್ಲಿ ಬರೆದಿದ್ದಾನೆ: "೮.೪೦ರಿಂದ ೯.೩೦ರವರೆಗೆ ಎಣಿಕೆ ನಿಂತಿತ್ತು." ಕಾರಣ ಬರೆದಿಲ್ಲ. ಸೈಕಲ್ಲಿನ ಕಾಲಂನಲ್ಲಿ ಇಡೀ ದಿನಕ್ಕೆ ಒಂದೇ ಒಂದು.

ಒಂದೇ ಏಕೆ ಅಕ್ಕಾ?

*

ಸೆಪ್ಟೆಂಬರ್ ೧೫

ತಮ್ಮಾ,

ನೀನು ಕೇಳುವವರೆಗೆ ಹೇಳುವುದು ಬೇಡ ಎಂದುಕೊಂಡಿದ್ದೆ. ನಡೆಸಿ ಎಂದವನು ನೀನು. ಇದನ್ನು ಹೊತ್ತುಕೊಂಡು ಅಷ್ಟು ದೂರದಲ್ಲಿ ಒಬ್ಬನೇ ಹೇಗಿರುತ್ತಿ ಎಂದು ಯೋಚಿಸಿ ಬಾಯಿ ಹೊಲಿದುಕೊಂಡೆ.

ಬೆಳಿಗ್ಗೆ ಏಳೂವರೆಗೇ ಸಾಲು ಹೊರಟಿತು. ಮಕ್ಕಳು, ಅವರ ಹಿಂದೆ ತಾಯಂದಿರು, ಕೊನೆಯಲ್ಲಿ ಮೇಷ್ಟ್ರು. ಅಂಚಿನ ಒಂದು ಮೊಳ ಮಣ್ಣು ನರ್ಸಮ್ಮನ ದಾರಿ. ಇಷ್ಟು ವರ್ಷ ಅವಳನ್ನು ಉಳಿಸಿದ್ದು ಅದೇ. ಅವತ್ತು ಅದನ್ನು ನಾವು ತುಂಬಿಕೊಂಡಿದ್ದೆವು. ಅವಳು ಡಾಂಬರಿನ ಮೇಲೆ ಇಳಿದು ನಮ್ಮ ಪಕ್ಕದಲ್ಲೇ ಗಂಟೆ ಹೊಡೆಯುತ್ತ ಬಂದಳು. ಕೆಂಪು ರಿಬ್ಬನ್ ಕಟ್ಟಿದ್ದ ಒಬ್ಬ ಹುಡುಗಿಗೆ "ಏಯ್, ಸಾಲು ಬಿಟ್ರೆ ಇಂಜೆಕ್ಷನ್ನು!" ಎಂದು ಹೆದರಿಸಿದಳು. ಆತನ ಮುಂದೆ ದಾಟುವಾಗ, "ಅಣ್ಣಾ, ಇವತ್ತು ಬಲೆ ಹರಿಯುತ್ತೆ ನೋಡ್ಕೋ" ಎಂದಳು. ಟಿಕ್. ನಾನು ಕರಿ ಗುಂಡಿ ಹಾಕಿದೆ.

ಮಕ್ಕಳನ್ನು ಶಾಲೆಯ ಗೇಟಿಗೆ ಮುಟ್ಟಿಸಿ, ಎರಡನೆಯ ಸಾಲನ್ನು ಕರೆತರಲು ವಾಪಸ್ ಬರುತ್ತಿದ್ದಳು. ತಿರುವಿನ ಆಚೆ ಗಂಟೆ ಕೇಳಿಸಿತು. ನಾನು ಇನ್ನೊಂದು ಕರಿ ಗುಂಡಿ ಕೈಯಲ್ಲಿ ಹಿಡಿದು ಕಾದೆ. ಆಮೇಲೆ ಲಾರಿಯ ಬ್ರೇಕು ಕೇಳಿಸಿತು.

ಎಣಿಸುವವನೇ ಮೊದಲು ಓಡಿದವನು. ತನ್ನ ಶರ್ಟು ಬಿಚ್ಚಿ ಅವಳ ತಲೆಯ ಕೆಳಗೆ ಇಟ್ಟ. ಅವಳಿಗೆ ಜ್ಞಾನವಿತ್ತು. ನನ್ನನ್ನು ನೋಡಿ, "ಮಕ್ಕಳು ಈ ಕಡೆ ಬರದ ಹಾಗೆ ನೋಡ್ಕೊಳ್ಳೇ" ಎಂದಳು. ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲೆ ಯಾರೋ ಸಾಕು, ಮನೆಗೆ ಹೋಗೋಣ ಎಂದರು. ಮೇಷ್ಟ್ರು ರಸ್ತೆಯ ಮಧ್ಯೆ ನಿಂತು, "ಈಗ ನಿಲ್ಲಿಸಿದ್ರೆ ಅವಳು ಯಾತಕ್ಕೆ ಬಂದ ಹಾಗಾಯ್ತು?" ಎಂದರು. ಒಂಬತ್ತೂವರೆಗೆ ಮತ್ತೆ ನಡೆದೆವು, ಸಂಜೆಯವರೆಗೆ. ಅವಳ ನಂತರ ಅವತ್ತು ಒಂದು ಸೈಕಲ್ಲೂ ಬರಲಿಲ್ಲ.

ಗೋಡೆ ಒಂದನೇ ತಾರೀಕಿಗೆ ಎದ್ದಿತು. ಈಗ ದಿನಾ ತಿರುವೇ ಗತಿ. ಎಷ್ಟೋ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದ್ದಾರೆ.

ನಿನ್ನ ತಪ್ಪು ಎಂದುಕೊಳ್ಳಬೇಡ. ತಪ್ಪು ಆ ಮೊದಲ ಗುರುತು ಹಾಕಿದವನದು. ಅವನು ಯಾರೆಂದು ಗೊತ್ತಾದರೆ ನನಗೆ ಹೇಳು. ಹೊಲಿಗೆ ಹಾಕುವುದಿಲ್ಲ. ಮುಖ ನೋಡಬೇಕು, ಅಷ್ಟೇ.

ಅಕ್ಕ

*

ಅಕ್ಟೋಬರ್ ೨೦

ಅಕ್ಕಾ,

ಈ ಪತ್ರವನ್ನು ಐದು ಸಲ ಬರೆದು ಹರಿದೆ.

ಆ ಗುರುತು ಹಾಕಿದವನು ನಾನು.

ಏಪ್ರಿಲಿನಲ್ಲಿ ನಕ್ಷೆಗಳ ಕಟ್ಟು ಬಂದಾಗ, "ಇದು ನಿಮ್ಮೂರಲ್ವಾ, ನೀವೇ ಹಾಕಿ" ಎಂದರು. ನನಗೆ ಹೆಮ್ಮೆಯಾಯಿತು. ಯೋಚಿಸಲೂ ಇಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಹಾಳುಬಾವಿ ತಿರುವು. ಅವಳ ಸೈಕಲ್ಲಿನ ಹಿಂದೆ ಕೂತು ನಾನು ಹೋಗುತ್ತಿದ್ದ ದಾರಿ. ನಮ್ಮೂರು ನಡೆಯುವುದು ಅಲ್ಲೇ ಎಂದು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದೆ. ನಿನಗೆ ಒಂದು ಮಾತು ಬರೆದು ಕೇಳಬಹುದಿತ್ತು. ನನ್ನ ಊರಿನ ಬಗ್ಗೆ ನಾನು ಯಾರನ್ನು ಕೇಳುವುದು ಎಂದುಕೊಂಡೆ.

ಅದು ಮರೆವಿನ ತಪ್ಪು. ಅದರ ಮೇಲಿನದನ್ನು ಕೇಳು. ಜಾಗ ಬದಲಾಯಿಸಲು ಆಗುವುದಿಲ್ಲ ಎಂದು ಬರೆದಿದ್ದೆನಲ್ಲ, ಸುಳ್ಳು. ಆಗುತ್ತಿತ್ತು. ಗುರುತು ಹಾಕಿದವನು ನಾನು ತಪ್ಪು ಮಾಡಿದೆ ಎಂದು ಒಂದು ಹಾಳೆ ಬರೆದು ಸಹಿ ಹಾಕಿದರೆ ಸಾಕಿತ್ತು. ಆ ಹಾಳೆ ಮುಖ್ಯಸ್ಥರ ಕುರ್ಚಿಯ ವಿಚಾರದಲ್ಲಿ ನನ್ನ ಕಡತಕ್ಕೆ ಸೇರುತ್ತಿತ್ತು. ಹಾಗಾಗಿ ನಾನೂರು ಜನರನ್ನು ರಸ್ತೆಗೆ ಇಳಿಸಿದೆ. ಒಂದು ಸ್ಟೂಲನ್ನು ಇನ್ನೂರು ಗಜ ಸರಿಸಲಿಲ್ಲ.

ಹೋದ ವಾರ ಆ ಹಾಳೆ ಬರೆದು ಕೊಟ್ಟೆ. ಇನ್ನು ಮುಂದೆ ಗುರುತು ಹಾಕುವ ಮೊದಲು ಆ ಊರಿನ ನಡೆಯುವವರನ್ನು ಕೇಳಬೇಕು ಎಂದೂ ಸೇರಿಸಿದೆ. ಸಾಹೇಬರು ಓದಿ, "ಈಗ್ಯಾಕ್ರೀ? ಹಣ ಮಂಜೂರಾಗಿದೆಯಲ್ಲ" ಎಂದು ಕಡತಕ್ಕೆ ಸೇರಿಸಿದರು. ನನ್ನನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದ್ದಾರೆ. ಕಿಟಕಿ ಇಲ್ಲ. ಇದನ್ನು ಶಿಕ್ಷೆ ಎಂದು ಲೆಕ್ಕಕ್ಕೆ ಹಿಡಿಯಬೇಡ.

ನೀನು ಮುಖ ನೋಡಬೇಕು ಎಂದಿದ್ದೆ. ಬಾ ಎಂದರೆ ಬರುತ್ತೇನೆ.

*

ಡಿಸೆಂಬರ್ ೧೮

ತಮ್ಮಾ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಅಂಗಡಿಯಲ್ಲಿ ಅವಳು ಕೂರುತ್ತಿದ್ದ ಬೆಂಚು ಕಾಣುತ್ತಿತ್ತು. ಎದ್ದು ಬೇರೆ ಕೆಲಸ ಹುಡುಕುತ್ತಿದ್ದೆ. ನಿನ್ನ ಪತ್ರ ಹೊಲಿಗೆ ಯಂತ್ರದ ಖಾನೆಯಲ್ಲಿತ್ತು. ದಾರ ತೆಗೆಯುವಾಗಲೆಲ್ಲ ಕೈಗೆ ತಾಗುತ್ತಿತ್ತು.

ಮೊನ್ನೆ ಸಂಜೆ ಪುರಸಭೆಯ ಹಾಲಿನಲ್ಲಿ ಸಭೆ. ಊರಿನ ಕಾಲು ಪಾಲು ಹಾಕುವುದೋ ಬೇಡವೋ ಎಂದು ಕೈ ಎತ್ತುವ ದಿನ. ಅಧ್ಯಕ್ಷರು ಎದ್ದು, "ಅಲ್ಲಿ ನಡೆಯೋರು ಮೊದಲು ಹನ್ನೊಂದು ಜನ ಇದ್ರಂತೆ, ಆಮೇಲೆ ನಾನೂರು ಆದ್ರಂತೆ. ಯಾವುದನ್ನ ನಂಬೋಣ? ಮುಂದಿನ ವರ್ಷ ನೋಡೋಣ ಬಿಡಿ" ಎಂದರು. ಮುಂದಿನ ವರ್ಷವಾದರೆ ಹಣ ವಾಪಸ್ಸು. ಮೇಷ್ಟ್ರು ಕೋಲಿನಿಂದ ನನ್ನ ಬೆನ್ನು ತಿವಿದರು. ನಾನು ಎದ್ದೆ.

ನನಗೆ ಭಾಷಣ ಬಾರದು. ಕಥೆ ಬರುತ್ತದೆ. ಈ ಕಥೆ ಮೊದಲು ಹೇಳಿದವಳು ನರ್ಸಮ್ಮ ಎಂದು ಶುರು ಮಾಡಿದೆ. ಸ್ಟೂಲು, ಕೊಡೆ, ಎಷ್ಟು ಮೀನು ಬಿತ್ತು, ಹನ್ನೊಂದರಲ್ಲಿ ಮೂರು ನಾನೇ. ಇಡೀ ಸಭೆ ನಕ್ಕಿತು. ಅವಳ ಮಾತಿಗೆ ಜನ ನಕ್ಕು ನಾಲ್ಕು ತಿಂಗಳಾಗಿತ್ತು. ಹದಿನಾಲ್ಕರ ಬೆಳಿಗ್ಗೆ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ನಿನ್ನ ಪತ್ರ ತೆಗೆದು ಪೂರ್ತಿ ಓದಿದೆ. ನನ್ನ ತಮ್ಮ ಎಂದೂ ಹೇಳಿದೆ. ನಿನ್ನನ್ನು ಕೇಳಲಿಲ್ಲ. ನೀನೂ ನಮ್ಮನ್ನು ಕೇಳಿರಲಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಕೈ ಎತ್ತಿ ಎಂದು ಯಾರೂ ಹೇಳಲಿಲ್ಲ. ಒಂದೊಂದಾಗಿ ಎದ್ದವು. ಕೊನೆಯ ಬೆಂಚಿನಲ್ಲಿ ಕೂತಿದ್ದ ಮಿಲ್ಲಿನ ಯಜಮಾನ ಮಾತ್ರ ಕೈ ಎತ್ತದೆ ಹೊರಗೆ ಹೋದ. ಗೋಡೆ ಕಟ್ಟಿದವನಿಗೆ ಇದೂ ಸರಿಯೇ ಎಂದುಕೊಂಡೆ.

ಮಾರ್ಚಿಗೆ ಕೆಲಸ ಶುರುವಾಗುತ್ತದೆ. ಅಲ್ಲಿಯವರೆಗೆ ಮೂರು ತಿಂಗಳು ಇದೆ, ಲಾರಿಗಳೂ ಇವೆ.

ನಿನ್ನನ್ನು ಕ್ಷಮಿಸಿದೆನೋ ಎಂದು ಕೇಳಬೇಡ, ಉತ್ತರ ನನಗೂ ಗೊತ್ತಿಲ್ಲ. ಬರುವುದಾದರೆ ಬಾ. ಬಸ್ಸು ಇಳಿದು ಗಾಡಿ ಹಿಡಿಯಬೇಡ, ತಿರುವಿನಿಂದ ನಡೆದು ಬಾ. ಅವಳಿಗೆ ಇಷ್ಟು ವರ್ಷ ಆ ಒಂದು ಮೊಳ ಮಣ್ಣು ಎಷ್ಟಿತ್ತು ಎಂದು ನಿನ್ನ ಕಾಲಿಗೆ ಗೊತ್ತಾಗಲಿ. ಅವತ್ತು ನನ್ನ ಕೈಯಲ್ಲೇ ಉಳಿದ ಕರಿ ಗುಂಡಿ ಡಬ್ಬಿಗೆ ಬಿದ್ದಿಲ್ಲ. ಬಂದರೆ ಕೊಡುತ್ತೇನೆ.

ಕಥೆ ಕೇಳಿದವರು ಮಾರನೆಯ ಬೆಳಿಗ್ಗೆ ಏನು ಮಾಡಿದರು ಎಂದು ಹೇಳಿ ಮುಗಿಸುತ್ತೇನೆ. ಏಳಕ್ಕೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಹಾರೆಯ ಸದ್ದು ಕೇಳಿತು. ಮಿಲ್ಲಿನ ಯಜಮಾನ, ಪಂಚೆ ಮೇಲೆ ಕಟ್ಟಿ, ತನ್ನ ಗೋಡೆಯ ಇಟ್ಟಿಗೆಗಳನ್ನು ತಾನೇ ಕೀಳುತ್ತಿದ್ದ. ಸಭೆಯಲ್ಲಿದ್ದ ಎಂಟು ಹತ್ತು ಜನ ನಿಂತು ನೋಡಿದರು, ಆಮೇಲೆ ಅವರೂ ಕೈಹಾಕಿದರು. ದಿಮ್ಮಿಗಳಿಗೆ ಸರಪಳಿ ಬಿಗಿದಿತ್ತು. ಸೈಕಲ್ ತೂರುವಷ್ಟು ಅಗಲ ಮಾಡಿದರು. ಎಂಟಕ್ಕೆ ಆತ ಗರಗಸ ನಿಲ್ಲಿಸಿದ. ಸದ್ದಿಲ್ಲದ ಆ ಮಿಲ್ಲಿನಲ್ಲಿ ಮಕ್ಕಳು ಒಂದರ ಹಿಂದೆ ಒಂದು ಹೋದವು. ಶಾಲೆ ಬಿಟ್ಟಿದ್ದವೂ ಇದ್ದವು. ಅವುಗಳ ಹಿಂದೆ ತಾಯಂದಿರು, ಕೊನೆಯಲ್ಲಿ ಮೇಷ್ಟ್ರು.

ಎಷ್ಟು ಜನ ಎಂದು ನೀನು ಕೇಳುತ್ತೀಯ. ಅವತ್ತು ಯಾರೂ ಎಣಿಸಲಿಲ್ಲ.

ಅಕ್ಕ